ನಾನು ಕಾಣದ ಕನಸು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನಮ್ಮ ಯಜಮಾನರದು ಏನೂ ತಪ್ಪಿಲ್ಲ. ನನಗೆ ಗೊತ್ತು, ಅರ್ಧ ಓದುವಷ್ಟರಲ್ಲಿ ನಿಮ್ಮಲ್ಲಿ ನಾಲ್ಕು ಮಂದಿ ಕೆಳಗೆ ಕಾಮೆಂಟಿನಲ್ಲಿ ಅವರಿಗೆ ಬೈಯಲು ಶುರು ಮಾಡುತ್ತೀರಿ. ಮುಸ್ಲಿಮರ ಮನೆಯ ಹೆಂಗಸು ಬರೆದಿದ್ದಾಳೆ ಎಂದರೆ ಗಂಡ ಬೇಡ ಎಂದಿರಬೇಕು, ಅತ್ತೆ ಅಡ್ಡ ಬಂದಿರಬೇಕು, ಮೌಲಾನಾ ಹೆದರಿಸಿರಬೇಕು. ಯಾರೂ ತಡೆಯಲಿಲ್ಲ. ನನ್ನ ತಮ್ಮನಿಗೆ ಒಂದು ಕಿಡ್ನಿ ಬೇಕಿತ್ತು. ನನ್ನದು ಹೊಂದುತ್ತಿತ್ತು. ನಾನು ಕೊಡಲಿಲ್ಲ. ಅಷ್ಟೇ ಆಗಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ಕೊಡದೇ ಇದ್ದದ್ದಕ್ಕೆ ನಾನು ಅಲ್ಲಾಹನ ಹೆಸರು ಹೇಳಿದೆ, ಬರೆಯುತ್ತಿರುವುದು ಅದಕ್ಕೆ.

ನನ್ನ ತಮ್ಮ ಜೇವರ್ಗಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಬೋರ್‌ವೆಲ್ಲಿನ ಸುಟ್ಟ ಮೋಟರ್ ಬಿಚ್ಚಿ, ಒಳಗಿನ ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತುವ ಕೆಲಸ. ಸುತ್ತುವಾಗ ಎಣಿಸುತ್ತಿದ್ದ. ನಡುವೆ ಯಾರಾದರೂ ಮಾತಾಡಿಸಿದರೆ ಬಾಯಿ ಬಿಡುತ್ತಿರಲಿಲ್ಲ, ಒಂದು ಬೆರಳು ಎತ್ತಿ ತಡೆಯುತ್ತಿದ್ದ, ಎದುರಿಗೆ ನಿಂತವರು ತಹಶೀಲ್ದಾರರೇ ಆಗಿದ್ದರೂ. ಎಣಿಕೆ ಮುಗಿದ ಮೇಲೆ ಮಾತ್ರ ಅವನ ಬಾಯಿಗೆ ಬೀಗ ಇರಲಿಲ್ಲ. ರೈತರಿಗೆ ನಿಮ್ಮ ಮೋಟರ್ ನಿಮ್ಮಷ್ಟೇ ಸಿಟ್ಟಿನದು ಎನ್ನುತ್ತಿದ್ದ, ನನಗೆ ನಿನ್ನ ನಾಲಿಗೆ ಮಿಷನ್ನಿಗಿಂತ ಜೋರು ಓಡುತ್ತದೆ ಎನ್ನುತ್ತಿದ್ದ. ನಾನು ಅಫಜಲಪುರದಲ್ಲಿ ಹೊಲಿಗೆ ಮಾಡುತ್ತೇನೆ, ಅದಕ್ಕೆ ಆ ಮಾತು. ನಾವಿಬ್ಬರೂ ಹುಟ್ಟಿ ಬೆಳೆದದ್ದು ಆಳಂದದಲ್ಲಿ. ನಾನು ಮದುವೆಯಾಗಿ ಅಫಜಲಪುರಕ್ಕೆ ಬಂದೆ, ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ಅವನ ಜೊತೆ ಜೇವರ್ಗಿಯಲ್ಲಿದ್ದಳು. ಅವನು ನನಗಿಂತ ಐದು ವರ್ಷ ಚಿಕ್ಕವನು. ನನ್ನನ್ನು ಆಪಾ ಎಂದು ಕರೆಯುತ್ತಿದ್ದ. ಮನೆಯಲ್ಲಿ ನಾವು ಆಡುವುದು ಅರ್ಧ ದಖ್ಖನಿ, ಅರ್ಧ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತೇನೆ.

ಒಂದು ದಿನ ಅಂದೋಲಾದಲ್ಲಿ ಒಬ್ಬರ ಹೊಲಕ್ಕೆ ಮೋಟರ್ ಇಳಿಸಲು ಹೋದವನು ಬರಿಗಾಲಲ್ಲಿ ಮನೆಗೆ ಬಂದ. ಚಪ್ಪಲಿ ಕೈಯಲ್ಲಿತ್ತು. ಪಾದ ಊದಿ ಚಪ್ಪಲಿಯೊಳಗೆ ಹೋಗಿರಲಿಲ್ಲ. ಎಷ್ಟೋ ವರ್ಷದಿಂದ ಬಿಪಿ ಇತ್ತಂತೆ, ಯಾರೂ ನೋಡಿಸಿರಲಿಲ್ಲ. ಎರಡೂ ಕಿಡ್ನಿ ಹೋಗಿದ್ದವು. ಅಲ್ಲಿಂದ ವಾರಕ್ಕೆ ಎರಡು ಸಲ ಕಲಬುರಗಿಗೆ ಡಯಾಲಿಸಿಸ್. ಜೇವರ್ಗಿಯ ಬಿಸಿಲು ನಿಮಗೆ ಗೊತ್ತಲ್ಲ. ಆ ಬಿಸಿಲಿನಲ್ಲಿ ಅವನಿಗೆ ಇಡೀ ದಿನಕ್ಕೆ ಕುಡಿಯಲು ಎರಡು ಲೋಟ ನೀರು. ನಾನು ಹೋದಾಗಲೆಲ್ಲ ಅವನ ಮುಂದೆ ನೀರು ಕುಡಿಯದೆ ಹಿತ್ತಲಿಗೆ ಹೋಗಿ ಕುಡಿದು ಬರುತ್ತಿದ್ದೆ. ಅವನಿಗೆ ಅದು ಗೊತ್ತಾಗಿ, ಏನ ಆಪಾ, ಕಳ್ಳಭಟ್ಟಿ ಕುಡದು ಬಂದಂಗ ಬರ್ತಿ, ಎಂದು ನಕ್ಕಿದ್ದ.

ಬೇರೆ ಕಿಡ್ನಿ ಹಾಕಿದರೆ ಬದುಕುತ್ತಾನೆ, ಮನೆಯವರಲ್ಲಿ ಯಾರಾದರೂ ಕೊಡಬಹುದು ಎಂದು ಡಾಕ್ಟರು ಹೇಳಿದರು. ಅಮ್ಮಿಗೆ ಸಕ್ಕರೆ ಕಾಯಿಲೆ. ಭಾಬಿಯ, ಅಂದರೆ ತಮ್ಮನ ಹೆಂಡತಿಯ, ರಕ್ತದ ಗುಂಪೇ ಬೇರೆ. ಅವರ ಇಬ್ಬರು ಹೆಣ್ಣುಮಕ್ಕಳು ಇನ್ನೂ ಶಾಲೆಗೆ ಹೋಗುವವರು. ಉಳಿದವಳು ನಾನು. ಒಂದಾದ ಮೇಲೆ ಒಂದು ಪರೀಕ್ಷೆ ಆಯಿತು, ಎಲ್ಲವೂ ಹೊಂದಿದವು. ಆ ರಿಪೋರ್ಟು ಬಂದ ದಿನ ಅಮ್ಮಿ ನನ್ನ ಎರಡೂ ಕೆನ್ನೆ ಹಿಡಿದು ಹಣೆಗೆ ಮುತ್ತು ಕೊಟ್ಟಳು. ನನ್ನ ನಿಕಾಹ್ ದಿನವೂ ಕೊಟ್ಟಿರಲಿಲ್ಲ.

ಯಜಮಾನರು ಶಾಲೆಯ ಮಾಸ್ತರು, ಕಡಿಮೆ ಮಾತಿನವರು. ಆ ದಿನ ಬಸ್ಸಿನಲ್ಲಿ ಬರುವಾಗ ಇಷ್ಟೇ ಹೇಳಿದರು:

“ನಿನ್ನ ಮೈ, ನಿನ್ನ ತಮ್ಮ. ಕೊಟ್ಟರ ನಾ ರಜಾ ಹಾಕಿ ಬಾಜೂಕ ಕುಂದರ್ತೇನಿ. ಕೊಡಲಿಲ್ಲಂದ್ರ ಯಾಕಂತ ಕೇಳಂಗಿಲ್ಲ.”

ಎಷ್ಟೋ ಹೆಂಗಸರು ಜೀವಮಾನದಲ್ಲಿ ಒಮ್ಮೆಯಾದರೂ ಕೇಳಬೇಕೆಂದುಕೊಳ್ಳುವ ಮಾತು ಅದು. ನನಗೆ ಅದು ಬೇಡವಾಗಿತ್ತು. ಅವರು ಬೇಡ ಎಂದಿದ್ದರೆ ಎಷ್ಟು ಹಗುರಾಗುತ್ತಿತ್ತು! ಜಗಳ ಮಾಡಿ, ಅತ್ತು, ಸೋತು, ಮನೆಯಲ್ಲಿ ಕೂರಬಹುದಿತ್ತು.

ಆಪರೇಷನ್ನಿಗೆ ಮೊದಲು ಆಸ್ಪತ್ರೆಯಲ್ಲಿ ಒಂದು ಕಾನೂನಿದೆ. ಕೊಡುವವರನ್ನು ಒಂಟಿಯಾಗಿ ಕೂರಿಸಿ ಕೇಳುತ್ತಾರೆ. ಗಂಡನೂ ಹೊರಗೆ, ತಾಯಿಯೂ ಹೊರಗೆ. ನನ್ನನ್ನು ಕೇಳಿದವಳು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಕತ್ತಿನಲ್ಲಿ ಗುರುತಿನ ಚೀಟಿ, ಮುಂದೆ ಫಾರಂ. ಯಾರಾದರೂ ಒತ್ತಾಯ ಮಾಡಿದ್ದಾರಾ, ಆಸೆ ತೋರಿಸಿದ್ದಾರಾ, ಇದು ನಿಮ್ಮ ಸ್ವಂತ ಇಚ್ಛೆಯಾ ಎಂದು ಕೇಳಿದಳು. ಆಮೇಲೆ ಪೆನ್ನು ಕೆಳಗಿಟ್ಟು, ದನಿ ಇಳಿಸಿ ಹೇಳಿದಳು:

“ಅಕ್ಕಾ, ನಿಮಗ ಮನಸಿಲ್ಲಂದ್ರ ಈಗೇ ಹೇಳ್ರಿ. ನಿಮ್ಮ ಕಿಡ್ನಿ ಹೊಂದಂಗಿಲ್ಲ ಅಂತ ನಾವೇ ಮನಿಯವರಿಗಿ ಹೇಳ್ತೇವಿ. ಯಾಕಂತ ಯಾರಿಗೂ ಗೊತ್ತಾಗಂಗಿಲ್ಲ.”

ಬಾಗಿಲು ತೆರೆದಿತ್ತು ನೋಡಿ. ಒಬ್ಬಳು ಗುರುತಿಲ್ಲದ ಹುಡುಗಿ ನನ್ನ ಮಾನ ಉಳಿಸಿ ಹೊರಗೆ ಕಳಿಸಲು ತಯಾರಾಗಿದ್ದಳು. ನಾನು ಏನು ಮಾಡಿದೆ? ಬೆನ್ನು ನೆಟ್ಟಗೆ ಮಾಡಿ, ನನ್ನ ಇಚ್ಛೆಯೇ, ತಮ್ಮನಿಗೆ ಕೊಡದೆ ಇನ್ಯಾರಿಗೆ ಕೊಡಲಿ ಎಂದೆ. ಅವಳು ಬರೆದುಕೊಂಡಳು. ನಾನು ಸಹಿ ಮಾಡಿದೆ. ಆ ಕ್ಷಣದಲ್ಲಿ ಅದು ಸುಳ್ಳಾಗಿರಲಿಲ್ಲ, ಬೇಕಾದರೆ ನಂಬಿ.

ಹೆದರಿಕೆ ಮನೆಗೆ ಬಂದ ಮೇಲೆ ಶುರುವಾಯಿತು. ನನ್ನ ಎರಡನೇ ಹೆರಿಗೆ ಆಪರೇಷನ್ನಿನದು. ಬೆನ್ನಿಗೆ ಕೊಟ್ಟ ಸೂಜಿ ಸರಿಯಾಗಿ ಹತ್ತಿರಲಿಲ್ಲ. ಚಾಕು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ನನಗೆ ಗೊತ್ತಾಗಿತ್ತು. ಹದಿನೆಂಟು ವರ್ಷವಾದರೂ ಕತ್ತರಿ ಹಿಡಿದು ಬಟ್ಟೆ ಸೀಳುವಾಗ ಒಮ್ಮೊಮ್ಮೆ ಆ ಜಾಗ ಉರಿಯುತ್ತದೆ. ಈ ಸಲ ಹಾಗಾಗುವುದಿಲ್ಲ, ಪೂರ್ತಿ ಮಲಗಿಸುತ್ತೇವೆ ಎಂದು ಡಾಕ್ಟರು ಹೇಳಿದ್ದರು. ತಲೆ ಒಪ್ಪಿತ್ತು, ಮೈ ಒಪ್ಪಲಿಲ್ಲ. ಊಟ ಸೇರುತ್ತಿರಲಿಲ್ಲ. ಒಂದೇ ಬ್ಲೌಸಿಗೆ ಎರಡು ಬಲಗೈ ತೋಳು ಹೊಲಿದಿಟ್ಟೆ. ಇಷ್ಟು ಹೇಳಿ ನನ್ನ ಪರವಾಗಿ ವಕಾಲತ್ತು ಮಾಡುತ್ತಿಲ್ಲ. ಹೆದರಿಕೆ ಎಷ್ಟಿತ್ತು ಎಂದು ತಿಳಿಯಲಿ ಎಂದು ಹೇಳಿದೆ.

ಹೆದರಿಕೆಯಾಗಿದೆ ಎಂದು ಹೇಳಿಬಿಡಬಹುದಿತ್ತು. ಯಾರಿಗೂ ಹೇಳಲಿಲ್ಲ. ಆಪರೇಷನ್ನಿಗೆ ತಾರೀಖು ಕೊಟ್ಟ ವಾರ ಜೇವರ್ಗಿಗೆ ಹೋಗಿದ್ದಾಗ, ಊಟಕ್ಕೆ ಕುಳಿತಲ್ಲಿ, ಒಮ್ಮೆ ಇಸ್ತಿಖಾರಾ ಮಾಡುತ್ತೇನೆ ಎಂದೆ.

ಇಸ್ತಿಖಾರಾ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಕೆಲಸ ಮಾಡಬೇಕೋ ಬೇಡವೋ ಎಂದು ಮನಸ್ಸು ಅತ್ತ ಇತ್ತ ಆಡುವಾಗ ಎರಡು ರಕಾತ್ ನಮಾಜ್ ಮಾಡಿ, ಇದರಲ್ಲಿ ಒಳ್ಳೆಯದಿದ್ದರೆ ದಾರಿ ಸುಲಭ ಮಾಡು, ಇಲ್ಲದಿದ್ದರೆ ನನ್ನಿಂದ ದೂರ ಮಾಡು ಎಂದು ಅಲ್ಲಾಹನಲ್ಲಿ ಬೇಡುವುದು. ಅಸಲು ಇರುವುದು ಅಷ್ಟೇ. ನಮ್ಮ ಮನೆಗಳಲ್ಲಿ ಅದಕ್ಕೆ ಕನಸು ಸೇರಿಕೊಂಡಿದೆ. ನಮಾಜ್ ಮಾಡಿ ಯಾರ ಜೊತೆಯೂ ಮಾತಾಡದೆ ಮಲಗಬೇಕು. ಬಿಳಿ, ಹಸಿರು ಕಂಡರೆ ಆಗಲಿ ಎಂದು ಅರ್ಥ. ಕಪ್ಪು, ಕೆಂಪು ಕಂಡರೆ ಬೇಡ. ನನ್ನ ಸಂಬಂಧ ಬಂದಾಗ ಅಮ್ಮಿಗೆ ಹಸಿರು ಜೋಳದ ಹೊಲ ಕಂಡಿತ್ತು, ಅದಕ್ಕೇ ನಾನು ಅಫಜಲಪುರದಲ್ಲಿದ್ದೇನೆ. ತಮ್ಮ ಅಂಗಡಿ ಇಡುವಾಗ ಬಿಳಿ ಕುರಿಮರಿ ಕಂಡಿತ್ತಂತೆ. ಅಮ್ಮಿಯ ಲೆಕ್ಕದಲ್ಲಿ ಅದು ಅಲ್ಲಾಹನ ಫೋನ್ ಇದ್ದ ಹಾಗೆ, ನೇರವಾಗಿ ಬರುತ್ತದೆ, ತಪ್ಪಾಗುವುದಿಲ್ಲ.

ಅಮ್ಮಿಗೆ ಖುಷಿಯಾಯಿತು. ಇಷ್ಟು ದೊಡ್ಡ ಕೆಲಸ ಅಲ್ಲಾಹನನ್ನು ಕೇಳದೆ ಮಾಡಬಾರದು, ಮಾಡು ಎಂದಳು. ಆಗಿಯೇ ತೀರುತ್ತದೆ ಎಂಬ ಧೈರ್ಯ ಅವಳಿಗೆ. ತಮ್ಮ ಮಾತ್ರ ರೊಟ್ಟಿ ಮುರಿಯುತ್ತಿದ್ದವನು ತಲೆಯೆತ್ತಿ ನನ್ನ ಮುಖ ನೋಡಿದ.

ಮೂರು ದಿನ ಮಾಡಿದೆ. ರಾತ್ರಿಯ ಇಶಾ ನಮಾಜ್ ಆದ ಮೇಲೆ ಎರಡು ರಕಾತ್, ಕೈ ಎತ್ತಿ ಬೇಡುವ ದುಆ, ನಿದ್ದೆ. ಕೇಳಿದ್ದು ನಿಜ, ಅದರಲ್ಲಿ ಸುಳ್ಳಿಲ್ಲ. ಆದರೆ ಏನು ಉತ್ತರ ಬರಬೇಕೆಂದು ನಾನು ಮೊದಲೇ ಇಟ್ಟುಕೊಂಡು ಕೇಳುತ್ತಿದ್ದೆ. ಕಪ್ಪು ತೋರಿಸು, ಕಪ್ಪು ತೋರಿಸು. ಮೂರೂ ದಿನ ಏನೂ ಕಾಣಲಿಲ್ಲ. ಬಿಳಿಯೂ ಇಲ್ಲ, ಕಪ್ಪೂ ಇಲ್ಲ. ದಣಿದವರಿಗೆ ಬರುವಂಥ ಬರೀ ನಿದ್ದೆ.

ನಾಲ್ಕನೇ ದಿನ ಬೆಳಗಿನ ಫಜರ್ ನಮಾಜ್ ಮುಗಿದ ಕೂಡಲೇ ಅಮ್ಮಿಯ ಫೋನ್ ಬಂತು.

“ಏನರ ಕಂಡೀಯೇನ್ ಬೇ?”

“ಕರೀ ನೀರು ಕಂಡಂಗಾತು ಅಮ್ಮೀ. ಅಂವ ನಡುವ ನಿಂತಿದ್ದ. ನಾ ಕೈ ಚಾಚಿದ್ನಿ, ಮುಟ್ಟಲಿಲ್ಲ.”

ಅಷ್ಟು ಸಲೀಸಾಗಿ ಬಂತು. ನೀರು, ನಡುವೆ ತಮ್ಮ, ಚಾಚಿದ ಕೈ, ಯಾವುದನ್ನೂ ಯೋಚಿಸಿ ಇಟ್ಟಿರಲಿಲ್ಲ. ಅಮ್ಮಿಯ ಕಡೆಯಿಂದ ಹಾಲಿನ ಗಾಡಿಯ ಹಾರ್ನ್ ಕೇಳಿಸುತ್ತಿತ್ತು. ಕೊನೆಗೆ, ಹಾಗಾದರೆ ಅವನ ಮರ್ಜಿ ಇಲ್ಲ ಬಿಡು, ನೀ ಏನು ಮಾಡುತ್ತಿ, ಎಂದಳು. ಅವನು ಎಂದರೆ ಮೇಲಿನವನು.

ಆ ದಿನ ನಾನು ಹೊಟ್ಟೆ ತುಂಬ ಉಂಡೆ. ಅದನ್ನೂ ಹೇಳಬೇಕು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದು ತಟ್ಟೆ ಅನ್ನ. ಬಾಕಿಯಿದ್ದ ಮೂರು ಬ್ಲೌಸ್ ಮುಗಿಸಿದೆ. ಆಸ್ಪತ್ರೆಗೆ ಫೋನ್ ಮಾಡಿ ನನ್ನಿಂದ ಆಗುವುದಿಲ್ಲ ಎಂದೆ, ಅವರು ಯಾಕೆ ಎಂದು ಕೇಳಲೂ ಇಲ್ಲ. ಯಜಮಾನರೂ ಹೇಳಿದಂತೆ ಕೇಳಲಿಲ್ಲ. ಮುಂದಿನ ವಾರ ಜೇವರ್ಗಿಗೆ ಹೋದರೆ ಎಲ್ಲರೂ ನನಗೇ ಸಮಾಧಾನ ಹೇಳಿದರು. ಭಾಬಿ ನನ್ನ ಕೈ ಹಿಡಿದುಕೊಂಡು ಅತ್ತಳು, ನೀವು ಕೊಡಲು ತಯಾರಿದ್ದಿರಿ, ಅಷ್ಟು ಸಾಕು ಎಂದಳು. ಯಾರಾದರೂ ನನ್ನ ಕಪಾಳಕ್ಕೆ ಹೊಡೆದಿದ್ದರೆ ಆ ಕೈಯಷ್ಟು ಉರಿಯುತ್ತಿರಲಿಲ್ಲ.

ಡಯಾಲಿಸಿಸ್ ನಡೆದೇ ಇತ್ತು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಭಾಬಿಗೆ ಜ್ವರ ಬಂದು, ಅವನ ಜೊತೆ ಕಲಬುರಗಿಗೆ ನಾನು ಹೋದೆ. ಒಂದು ದೊಡ್ಡ ಕೋಣೆಯಲ್ಲಿ ಸಾಲಾಗಿ ಹಾಸಿಗೆ, ಪ್ರತಿ ಹಾಸಿಗೆಯ ಪಕ್ಕ ಒಂದು ಮಿಷನ್. ನಾಲ್ಕು ತಾಸು. ಅವನ ತೋಳಿನ ನರ ಹಗ್ಗದಂತೆ ಉಬ್ಬಿತ್ತು. ಮಿಷನ್ನಿನೊಳಗಿನ ಸಣ್ಣ ಮೋಟರ್ ಗುಂಯ್ ಎನ್ನುತ್ತಿತ್ತು. ಬೇರಿಂಗ್ ಹೋಗ್ಯಾದ ಆಪಾ, ಆವಾಜ್ ಕೇಳು, ನಂಗ ಕೊಟ್ಟರ ಅರ್ಧ ತಾಸಿನ್ಯಾಗ ಸರಿ ಮಾಡ್ತೇನಿ, ಎಂದ. ನಾನು ನಕ್ಕೆ. ನಗುತ್ತಿರುವಾಗಲೇ ಕೇಳಿದ:

“ಆಪಾ, ಖರೇನ ಕರೀ ನೀರು ಕಂಡಿತ್ತೇನು?”

ನಾನು ಮಿಷನ್ನಿನ ಕೊಳವೆ ನೋಡುತ್ತ ಕೂತೆ. ಅದರಲ್ಲಿ ಅವನ ರಕ್ತ ಹೋಗುತ್ತಿತ್ತು, ಬರುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡೇ ಮಾತಾಡಿದ.

“ನಿಂಗ ಅಂಜಿಕಿ ಬಂದಿತ್ತು. ಊಟಕ್ಕ ಕುಂತಾಗೇ ನಂಗ ಗೊತ್ತಾಗಿತ್ತು. ಅಂಜಿಕಿ ಬಂದದ, ಆಗಂಗಿಲ್ಲೋ ತಮ್ಮಾ ಅಂದಿದ್ರ ಮುಗಿತಿತ್ತು. ನಾ ಎರಡು ದಿನ ಸಿಟ್ಟಾಗ್ತಿದ್ನಿ, ಮೂರನೇ ದಿನ ನಿನ್ನ ಮನಿಗಿ ಬಂದು ಚಾ ಕುಡೀತಿದ್ನಿ. ಬ್ಯಾಡ ಅನ್ನೋ ಹಕ್ಕು ನಿಂಗ ಇತ್ತು. ಅದನ್ನ ಯಾಕ ಅಲ್ಲಾನ ಮ್ಯಾಲ ಹಾಕ್ದಿ?”

ನಾನು ಅಳಲು ಶುರು ಮಾಡಿದೆ. ಪಕ್ಕದ ಹಾಸಿಗೆಯ ಮುದುಕರು ಆ ಕಡೆ ತಿರುಗಿಕೊಂಡರು. ಸುಮ್ಮನಿರು, ನರ್ಸ್ ಬಂದು ನನಗೇ ಬೈಯುತ್ತಾಳೆ ಎಂದು ಅವನು ನನ್ನನ್ನೇ ಗದರಿಸಿದ. ಆಮೇಲೆ ಆ ಮಾತು ತೆಗೆಯಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಮಲಗಿದ, ಚಿಕ್ಕವನಿದ್ದಾಗ ಆಳಂದದಿಂದ ಖಜೂರಿಯ ನೆಂಟರ ಮನೆಗೆ ಹೋಗುವಾಗ ಮಲಗುತ್ತಿದ್ದ ಹಾಗೆ.

ಈಗ ಇದನ್ನು ಓದುತ್ತಿರುವವರಿಗೆ ಒಂದು ಪ್ರಶ್ನೆ ಬಂದಿರಬೇಕು. ಅವನು ಇನ್ನೂ ಬದುಕಿದ್ದ. ನನ್ನ ಕಿಡ್ನಿ ಇನ್ನೂ ನನ್ನ ಹತ್ತಿರವೇ ಇತ್ತು. ಆ ಬಸ್ಸಿನಲ್ಲಿ, ನಡಿಯೋ, ಕೊಡುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ. ಎನ್ನಬೇಕು, ಎನ್ನಬೇಕು ಎಂದುಕೊಳ್ಳುತ್ತಲೇ ಜೇವರ್ಗಿ ಬಂತು. ಅವನನ್ನು ಇಳಿಸಿದೆ, ಮನೆಗೆ ಬಿಟ್ಟೆ, ನನ್ನ ಬಸ್ ಹತ್ತಿದೆ.

ಇನ್ನೂ ಮೂರು ತಿಂಗಳು ಇದ್ದ. ರಕ್ತಕ್ಕೆ ನಂಜು ಏರಿತು, ಎರಡು ದಿನ ಐಸಿಯುದಲ್ಲಿಟ್ಟರು. ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಗುಸ್ಲ್, ಅಂದರೆ ಕೊನೆಯ ಸ್ನಾನ, ಮಾಡಿಸಿ ಕಫನ್ ಬಟ್ಟೆ ಸುತ್ತಿದ್ದರು. ಮುಖ ತೋರಿಸಿದರು. ಮುಖದ ಊತ ಇಳಿದಿತ್ತು, ಮದುವೆಗೆ ಮುಂಚಿನ ಮುಖ ಇತ್ತಲ್ಲ, ಹಾಗಾಗಿತ್ತು. ಜನಾಜಾ ಎತ್ತಿದಾಗ ಗಂಡಸರೆಲ್ಲ ಹಿಂದೆ ಹೋದರು. ನಾವು ಹೆಂಗಸರು ಬಾಗಿಲಲ್ಲಿ ನಿಂತೆವು.

ಆಮೇಲೆ ಬಂದವರೆಲ್ಲ ಹೇಳಿದ್ದು ಒಂದೇ. ತಕ್ದೀರ್. ಅವನ ಹಣೆಬರಹದಲ್ಲಿ ಅಷ್ಟೇ ದಿನ ಇತ್ತು. ಗಳಿಗೆ ಹಿಂದಕ್ಕೂ ಹೋಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಓಣಿಯ ಗೌಡರ ಮನೆಯ ಅಮ್ಮನೂ ಬಂದು ಅಮ್ಮಿಯ ಪಕ್ಕ ಕೂತು, ಬರೆದದ್ದು ತಪ್ಪಿಸಲು ಆಗುತ್ತದೇನವ್ವ ಎಂದರು. ನಾನೂ ತಲೆಯಾಡಿಸಿದೆ. ಚಿಕ್ಕವಳಿದ್ದಾಗ ಆಳಂದದ ಮದರಸಾದಲ್ಲಿ ಕಲಿತ ಪಾಠವೇ ಅದು. ಒಳ್ಳೆಯದೂ ಕೆಟ್ಟದ್ದೂ ಎಲ್ಲ ತಕ್ದೀರ್ ಅಲ್ಲಾಹನ ಕಡೆಯಿಂದ ಎಂದು ನಂಬಬೇಕು, ನಂಬದಿದ್ದರೆ ಈಮಾನೇ, ಧರ್ಮದ ನಂಬಿಕೆಯೇ, ಪೂರ್ತಿಯಾಗದು. ನಂಬಿದೆ. ನಂಬಿ ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನು ಸಾಯುವುದು ಬರೆದಿತ್ತು ಎಂದ ಮೇಲೆ ನಾನು ಕೊಡದೇ ಇರುವುದೂ ಬರೆದಿರಬೇಕಲ್ಲ. ಕರಿ ನೀರು ಎಂದು ನನ್ನ ನಾಲಿಗೆ ಹೊರಳಿದ್ದೂ ಬರೆದದ್ದೇ ಇರಬೇಕಲ್ಲ. ಹೊಲಿಯುವಾಗ, ಅಡುಗೆ ಮಾಡುವಾಗ ಇದನ್ನೇ ಹೇಳಿಕೊಳ್ಳುತ್ತಿದ್ದೆ. ಒಂದು ತಿಂಗಳಿಗೂ ಹೆಚ್ಚು ಆ ಬಾಗಿಲ ಹಿಂದೆ ನೆಮ್ಮದಿಯಾಗಿಯೇ ಇದ್ದೆ.

ನಲವತ್ತನೇ ದಿನ, ತೀರಿಕೊಂಡವರ ಹೆಸರಿನಲ್ಲಿ ಓದುವ ಫಾತಿಹಾಕ್ಕೆ ಜೇವರ್ಗಿಗೆ ಹೋದೆ. ಮಧ್ಯಾಹ್ನ ಅಮ್ಮಿ ನಮಾಜ್ ಮಾಡುತ್ತಿದ್ದಳು, ನಾನು ಅವಳ ಹಿಂದೆ ಕೂತು ಈರುಳ್ಳಿ ಸುಲಿಯುತ್ತಿದ್ದೆ. ಬಲಕ್ಕೆ ಸಲಾಮ್ ತಿರುಗಿದಳು, ಎಡಕ್ಕೆ ತಿರುಗಿದಳು, ಜಾನಮಾಜ್ ಚಾಪೆ ಮಡಚಿ ಎದ್ದುಬಿಟ್ಟಳು. ದುಆಕ್ಕೆ ಕೈ ಎತ್ತಲೇ ಇಲ್ಲ. ನನ್ನ ಅಮ್ಮಿ ನಮಾಜ್ ಮುಗಿದ ಮೇಲೆ ಅರ್ಧ ತಾಸು ಕೈ ಎತ್ತಿಕೊಂಡು ಕೂರುವವಳು. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಪಕ್ಕದ ಮನೆಯ ಎಮ್ಮೆಗೆ, ಯಾವ ಊರಿನಲ್ಲೋ ಬಸ್ ಉರುಳಿ ಸತ್ತವರಿಗೆ, ಎಲ್ಲರಿಗೂ ಕೇಳುವವಳು. ದುಆ ಮಾಡಲಿಲ್ಲವಲ್ಲ ಎಂದೆ. ಅವಳು ಗೋಡೆ ಹಿಡಿದು ನಿಂತು, ಮಾತಿನಲ್ಲಿ ಸಿಟ್ಟೂ ಇಲ್ಲದೆ, ಅಳುವೂ ಇಲ್ಲದೆ ಹೇಳಿದಳು:

“ನಮಾಜ್ ಫರ್ಜ್ ಅದ, ಮಾಡ್ತೇನಿ. ಕೇಳೋದು ಬಿಟ್ಟೇನಿ. ಮಗನ ಜೀವ ಕೇಳಿದ್ನಿ, ಮ್ಯಾಲಿನಂವ ಬ್ಯಾಡ ಅಂದ. ನಿನ್ನ ಕನಸಿನ್ಯಾಗ ಬಂದು ಬ್ಯಾಡ ಅಂದ. ಇನ್ನ ಏನ ಕೇಳ್ಲಿ ಅವಂಗ?”

ಈರುಳ್ಳಿಯ ನೆಪದಲ್ಲಿ ನಾನು ಕಣ್ಣು ಒರೆಸಿಕೊಂಡೆ.

ಅಫಜಲಪುರಕ್ಕೆ ಬಂದ ಮೇಲೆ ನಿದ್ದೆ ಹೋಯಿತು. ತಮ್ಮನ ಸಾವನ್ನು ನಾನು ತಕ್ದೀರಿನಲ್ಲಿ ಮಡಚಿ ಇಟ್ಟಿದ್ದೆ. ಇದನ್ನು ಎಲ್ಲಿ ಇಡಲಿ? ಎಪ್ಪತ್ತು ವರ್ಷ ಬೇಡಿದ ಹೆಂಗಸು ಬೇಡುವುದನ್ನು ನಿಲ್ಲಿಸಿದ್ದಳು, ನನ್ನ ಒಂದು ಸುಳ್ಳಿಗೆ. ನಮ್ಮ ಓಣಿಯ ಮಸೀದಿಯ ಮೌಲಾನಾರ ಹೆಂಡತಿ ನನ್ನ ಹತ್ತಿರವೇ ಬಟ್ಟೆ ಹೊಲಿಸುತ್ತಾರೆ. ಹೊಲಿದ ಬಟ್ಟೆ ಕೊಡುವ ನೆಪದಲ್ಲಿ ಅವರ ಮನೆಗೆ ಹೋಗಿ, ಮೌಲಾನಾರನ್ನು ಕೇಳಬೇಕು ಎಂದೆ. ಪರದೆಯ ಈ ಕಡೆ ನಾನು ಮತ್ತು ಅವರ ಹೆಂಡತಿ, ಆ ಕಡೆ ಅವರು. ಯಾರದೋ ಕಥೆ ಎಂಬಂತೆ ಶುರು ಮಾಡಿದವಳು ನಡುವೆಯೇ ನಾನು, ನನ್ನ ತಮ್ಮ ಎನ್ನತೊಡಗಿದೆ. ಕೊನೆಗೆ ಕೇಳಿದೆ, ಎಲ್ಲ ಮೊದಲೇ ಬರೆದಿದ್ದರೆ ನನ್ನ ತಪ್ಪು ಎಲ್ಲಿಂದ ಬಂತು?

ಮೌಲಾನಾ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನರೋಣಾ ಕಡೆಯವರು. ಅವರು ಉಪದೇಶ ಮಾಡಲಿಲ್ಲ. ನನ್ನನ್ನೇ ತಿರುಗಿ ಕೇಳಿದರು.

“ಬರದದ್ದನ್ನ ನೀವು ಓದೀರೇನು ಆಪಾ?”

ಇಲ್ಲ ಎಂದೆ.

“ಅಮ್ಮೀಗಿ ಕನಸು ಹೇಳೋ ಹೊತ್ತಿನ್ಯಾಗ ಏನ ಬರದದ ಅಂತ ನಿಮಗ ಗೊತ್ತಿತ್ತೇನು? ಇಲ್ಲಲ್ಲ. ನಿಮ್ಮ ಕಣ್ಣ ಮುಂದ ಇದ್ದದ್ದು ಅಂಜಿಕಿ. ಅದನ್ನ ನೋಡಿ ಹೇಳೀರಿ. ಅಲ್ಲಾಗ ಮೊದಲೇ ಗೊತ್ತಿತ್ತು ಅಂದ್ರ ಅಂವ ನಿಮ್ಮ ನಾಲಿಗಿ ಹಿಡದು ತಿರುವ್ಯಾನ ಅಂತಲ್ಲ.”

ಕಿಡ್ನಿ ಕೊಡಲೇಬೇಕೆಂಬ ಫರ್ಜ್ ನಿಮ್ಮ ಮೇಲೆ ಇರಲಿಲ್ಲ, ಕೊಟ್ಟಿದ್ದರೆ ದೊಡ್ಡ ಪುಣ್ಯ, ಕೊಡದಿದ್ದರೆ ಪಾಪ ಅಲ್ಲ ಎಂದರು. ಕೊಟ್ಟಿದ್ದರೂ ತಮ್ಮ ಉಳಿಯುತ್ತಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದರು. ತಕ್ದೀರ್ ಎಂಬ ಮಾತು ಮಗನನ್ನು ಕಳಕೊಂಡ ತಾಯಿಗೆ ಸಬರ್, ತಾಳ್ಮೆ, ಕೊಡಲಿಕ್ಕೆ ಇರುವುದು, ಸುಳ್ಳು ಹೇಳಿದವರು ಹೊದ್ದುಕೊಳ್ಳಲಿಕ್ಕೆ ಅಲ್ಲ ಎಂದೂ ಹೇಳಿದರು. ಆ ಮಾತು ಪರದೆಯ ಆ ಕಡೆಯಿಂದ ಬಂದದ್ದು ಒಳ್ಳೆಯದಾಯಿತು, ನನ್ನ ಮುಖ ಅವರಿಗೆ ಕಾಣಲಿಲ್ಲ. ತೌಬಾ ಮಾಡುತ್ತೇನೆ, ಅಲ್ಲಾಹನ ಮುಂದೆ ಅತ್ತು ಕ್ಷಮೆ ಕೇಳುತ್ತೇನೆ, ಅಷ್ಟು ಸಾಕಲ್ಲ ಎಂದೆ. ಮಾಡಿ, ಆದರೆ ನಿಮ್ಮ ಸುಳ್ಳು ಇನ್ನೂ ನಿಮ್ಮ ಅಮ್ಮಿಯ ಹತ್ತಿರ ಇದೆಯಲ್ಲ, ಎಂದರು.

ಆಗ ನಾನು ಕೇಳಿದ ಮಾತು ಈಗ ನೆನೆದರೂ ನಾಚಿಕೆಯಾಗುತ್ತದೆ. ಅಮ್ಮಿಗೆ ಹೇಳಬೇಕೋ ಬೇಡವೋ ಎಂದು ಒಮ್ಮೆ ಇಸ್ತಿಖಾರಾ ಮಾಡಿ ನೋಡಲೇ ಎಂದೆ.

ಪಕ್ಕದಲ್ಲಿದ್ದ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೌಲಾನಾ ನಗಲಿಲ್ಲ.

“ಖರೇ ಹೇಳಾಕ ಇಸ್ತಿಖಾರಾ ಇಲ್ಲ ಆಪಾ. ನಾನೂ ಹೇಳ್ರಿ ಅನ್ನಂಗಿಲ್ಲ. ನಾ ಅಂದ್ರ ನಾಳಿಗಿ ಮೌಲಾನಾ ಹೇಳಿಸ್ಯಾರ ಅಂತ ನನ್ನ ಮ್ಯಾಲ ಹಾಕ್ತೀರಿ.”

ಅವರ ಮನೆಯಿಂದ ಹೊರಗೆ ಬಂದವಳು ಮಸೀದಿಯ ನಲ್ಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಜೀವನದಲ್ಲಿ ಮೊದಲ ಸಲ ನನ್ನ ಹಿಂದೆ ಯಾರೂ ಇರಲಿಲ್ಲ. ಗಂಡ ಇಲ್ಲ, ಅಮ್ಮಿ ಇಲ್ಲ, ಕನಸಿಲ್ಲ.

ಅಷ್ಟರಲ್ಲಿ ಅಮ್ಮಿ ಆಳಂದಕ್ಕೆ, ತನ್ನ ತಂಗಿಯ ಮನೆಗೆ ಹೋಗಿದ್ದಳು. ಮುಚ್ಚಿದ ಅಂಗಡಿಯ ಷಟರ್ ನೋಡಲು ಆಗುವುದಿಲ್ಲ ಎಂದಿದ್ದಳು. ಒಂದು ಗುರುವಾರ ಹೋದೆ. ಖಾಲಾ ಮತ್ತು ಅವಳ ಸೊಸೆಯಂದಿರು ದರ್ಗಾಕ್ಕೆ ಹೋಗಿದ್ದರು, ಅಮ್ಮಿ ಒಬ್ಬಳೇ ಅಂಗಳದಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನೂ ಒಂದು ಕಟ್ಟು ಎತ್ತಿಕೊಂಡೆ. ಭಾಬಿಯ ಸುದ್ದಿ, ಹುಡುಗಿಯರ ಪರೀಕ್ಷೆಯ ಸುದ್ದಿ ಆಯಿತು. ಒಂದು ಕಟ್ಟು ಮುಗಿಯಿತು. ಎರಡನೆಯದಕ್ಕೆ ಕೈ ಹಾಕದೆ ಹೇಳಿದೆ. ಅಮ್ಮೀ, ನನಗೆ ಏನೂ ಕನಸು ಬಿದ್ದಿರಲಿಲ್ಲ. ನನಗೆ ಹೆದರಿಕೆಯಾಗಿತ್ತು.

ಅವಳಿಗೆ ಮೊದಲು ತಿಳಿಯಲಿಲ್ಲ. ಯಾವ ಕನಸು ಎಂದಳು. ಹೇಳಿದೆ. ಮತ್ತೆ ಕೇಳಿದಳು, ಒಂದೊಂದೇ.

“ಕರೀ ನೀರು?”

“ಇರಲಿಲ್ಲ.”

“ಅಂವ ನಡುವ ನಿಂತಿದ್ದ ಅಂದಿ.”

“ಸುಳ್ಳ ಹೇಳಿದ್ನಿ, ಅಮ್ಮೀ.”

“ಮೂರೂ ದಿನಾ ಏನೂ ಕಾಣಲಿಲ್ಲ?”

“ಏನೂ ಇಲ್ಲ.”

ಅವಳ ಕೈಯಲ್ಲಿದ್ದ ಕಡ್ಡಿ ಹಾಗೆಯೇ ಇತ್ತು. ಬಯ್ಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಮಗನನ್ನು ತಿಂದೆ ಎನ್ನುತ್ತಾಳೆ ಎಂದು ನಾನು ತಯಾರಾಗಿ ಬಂದಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅಂಗಳದ ಗೋಡೆಯ ಮೇಲೆ ಎಲ್ಲೋ ನೋಡುತ್ತ ಕೇಳಿದಳು:

“ಹಂಗಾದ್ರ ಮ್ಯಾಲಿನಂವ ಬ್ಯಾಡ ಅಂದಿಲ್ಲ?”

ಅಂದಿಲ್ಲ ಎಂದೆ.

ಅಮ್ಮಿ ಆಗ ಅತ್ತಳು. ಜನಾಜಾ ಎತ್ತಿದಾಗಲೂ ಅಷ್ಟು ಅತ್ತಿರಲಿಲ್ಲ. ಇಷ್ಟು ದಿನ ಅವನ ಮೇಲೆ ಸಿಟ್ಟು ಹಿಡಿದುಕೊಂಡು ಕೂತಿದ್ದೆನಲ್ಲ, ಅವನು ಏನೂ ಅನ್ನದೇ ಇದ್ದರೂ ಮುಖ ತಿರುಗಿಸಿಕೊಂಡಿದ್ದೆನಲ್ಲ, ಎಂದು ಹೇಳಿಕೊಂಡು ಅತ್ತಳು. ನಾನು ಅವಳ ಮೊಣಕಾಲಿನ ಮೇಲೆ ಕೈ ಇಟ್ಟೆ. ಎತ್ತಿ ಪಕ್ಕಕ್ಕೆ ಇಟ್ಟಳು. ದೂಡಲಿಲ್ಲ, ತಟ್ಟೆಯನ್ನು ಪಕ್ಕಕ್ಕೆ ಸರಿಸುವ ಹಾಗೆ ಇಟ್ಟಳು.

ಇಳಿಹೊತ್ತಿನ ಅಸರ್ ಅಜಾನ್ ಆಯಿತು. ಎದ್ದು ನೀರು ತೆಗೆದುಕೊಂಡು ಕೈಕಾಲು ಮುಖ ತೊಳೆದು ವಜೂ ಮಾಡಿದಳು, ಒಳಗೆ ಹೋಗಿ ಜಾನಮಾಜ್ ಹಾಸಿದಳು. ನಾನು ಹೊಸ್ತಿಲಲ್ಲಿ ಕೂತೆ. ಸಲಾಮ್ ತಿರುಗಿಸಿದಳು, ಆಮೇಲೆ ಎರಡೂ ಕೈ ಎತ್ತಿದಳು. ಬಹಳ ಹೊತ್ತು ಕೂತಿದ್ದಳು. ಏನು ಕೇಳಿದಳೋ, ಯಾರಿಗೆ ಕೇಳಿದಳೋ, ಹೊಸ್ತಿಲಿಗೆ ಕೇಳಿಸಲಿಲ್ಲ. ಅದರಲ್ಲಿ ನನ್ನ ಹೆಸರಿತ್ತೋ ಇಲ್ಲವೋ ಗೊತ್ತಿಲ್ಲ.

ಎದ್ದ ಮೇಲೆ, ಅಫಜಲಪುರದ ಬಸ್ ತಪ್ಪುತ್ತದೆ, ಹೊರಡು ಎಂದಳು. ನಾನು ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಅಮ್ಮೀ, ನನ್ನನ್ನು ಮಾಫ್ ಮಾಡು ಎಂದೆ.

“ಈಗ ಕೇಳಬ್ಯಾಡ ಬೇಟಾ. ಈಗ ಮಾಡೇನಿ ಅಂದ್ರ, ನಾನೂ ಸುಳ್ಳ ಹೇಳಿದಂಗ ಆಗ್ತದ.”

ಆರು ತಿಂಗಳಾಯಿತು. ಅಮ್ಮಿ ತಿರುಗಿ ಜೇವರ್ಗಿಗೆ ಬಂದಿದ್ದಾಳೆ, ಭಾಬಿ ಮತ್ತು ಮೊಮ್ಮಕ್ಕಳ ಜೊತೆ ಇದ್ದಾಳೆ. ಭಾಬಿಗೂ ಹೇಳಿದೆ. ಭಾಬಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಬಿಡಬೇಕಾದದ್ದೇ. ಅಮ್ಮಿ ಮಾತ್ರ ಫೋನ್ ಎತ್ತುತ್ತಾಳೆ. ಊಟ ಆಯಿತಾ ಎನ್ನುತ್ತಾಳೆ, ಯಜಮಾನರ ಆರೋಗ್ಯ ಕೇಳುತ್ತಾಳೆ, ಮಿಷನ್ ಮುಂದೆ ಬಹಳ ಹೊತ್ತು ಕೂರಬೇಡ ಎನ್ನುತ್ತಾಳೆ. ಆ ಒಂದು ಮಾತು ಇನ್ನೂ ಹೇಳಿಲ್ಲ. ಫೋನ್ ಇಡುವ ಮೊದಲು ಪ್ರತಿ ಸಲ ಕೇಳಬೇಕೆನಿಸುತ್ತದೆ, ಕೇಳುವುದಿಲ್ಲ. ಅವಳು ಹೇಳಬೇಕಾದದ್ದನ್ನು ಅವಳೇ ಹೇಳಲಿ, ಅವಳಿಗೆ ಮನಸ್ಸು ಬಂದ ದಿನ.